ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ

ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದವು ಉಭಯ ದೇಶಗಳ ಸರಕುಗಳ ಮೇಲಿನ ಆಮದು ಸುಂಕವನ್ನು ತಗ್ಗಿಸುವ ಅಥವಾ ತೆಗೆದುಹಾಕುವ ದ್ವಿಪಕ್ಷೀಯ ಒಪ್ಪಂದವಾಗಿದೆ. 1998ರ ಡಿಸೆಂಬರ್ 28ರಂದು ನವದೆಹಲಿಯಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಹಾಗೂ ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಇದಕ್ಕೆ ಸಹಿ ಹಾಕಿದರು. 2000ದ ಮಾರ್ಚ್ 1ರಂದು ಜಾರಿಗೆ ಬಂದಿತು. ಶ್ರೀಲಂಕಾದ ಆರ್ಥಿಕತೆ ಚಿಕ್ಕದಾದುದರಿಂದ ಸುಂಕ ಇಳಿಸಲು ಅದಕ್ಕೆ ಎಂಟು ವರ್ಷಗಳ ಅವಕಾಶ ದೊರೆಯಿತು. ಭಾರತಕ್ಕೆ ಮೂರೇ ವರ್ಷ. ಎರಡೂ ದೇಶಗಳು ಕೆಲವು ಸರಕುಗಳನ್ನು ರಿಯಾಯಿತಿಯಿಂದ ಹೊರಗಿಟ್ಟಿವೆ.

ಮೂಲದ ನಿಯಮ

ಒಪ್ಪಂದದ ಜೀವಾಳವೇ ಮೂಲದ ನಿಯಮ. ಶ್ರೀಲಂಕಾದ ಬಂದರಿನಿಂದ ಹೊರಟ ಮಾತ್ರಕ್ಕೆ ಸರಕು ಆ ದೇಶದ್ದೆನಿಸುವುದಿಲ್ಲ. ಹೊರದೇಶದ ಕಚ್ಚಾವಸ್ತು ಬಳಸಿದ್ದರೆ, ಸರಕಿನ ಮೌಲ್ಯದ ಕನಿಷ್ಠ ಶೇ. 35ರಷ್ಟು ಶ್ರೀಲಂಕಾದಲ್ಲಿಯೇ ಸೇರಿರಬೇಕು; ಭಾರತದ ಕಚ್ಚಾವಸ್ತು ಶೇ. 10ರಷ್ಟಿದ್ದರೆ ಶೇ. 25 ಸಾಕು. ಕಾಗದದ ಮೇಲೆ ಸರಳವಾಗಿ ಕಾಣುವ ಈ ಲೆಕ್ಕ ಆಚರಣೆಯಲ್ಲಿ ಅಷ್ಟು ಸುಲಭವಲ್ಲ. ಅಲ್ಲಿನ ಕಾರ್ಖಾನೆಗಳು ಆಮದು ತಾಳೆ ಎಣ್ಣೆಯಿಂದ ವನಸ್ಪತಿ ತಯಾರಿಸಿ ಭಾರತಕ್ಕೆ ಕಳುಹಿಸತೊಡಗಿದಾಗ ಇಲ್ಲಿನ ತಯಾರಕರು ಆಕ್ಷೇಪಿಸಿದರು. ಬಳಿಕ ಅದರ ಪ್ರಮಾಣಕ್ಕೆ ವಾರ್ಷಿಕ ಮಿತಿ ಬಂದಿತು.

ಕರಿಮೆಣಸು

ಕರ್ನಾಟಕಕ್ಕೆ ಈ ಒಪ್ಪಂದದ ಬಿಸಿ ತಟ್ಟಿದ್ದು ಕರಿಮೆಣಸಿನ ಮೂಲಕ. ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದ ಮೂಲಪತ್ರ ಹೊತ್ತು ಕಡಿಮೆ ಸುಂಕದಲ್ಲಿ ಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರು ದೂರಿದರು. 2017ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರವು ಮೆಣಸಿಗೆ ಕಿಲೋಗ್ರಾಂಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು. ಶ್ರೀಲಂಕಾದಲ್ಲಿಯೂ ಮೆಣಸು ಬೆಳೆಯುವ ಸಣ್ಣ ರೈತರಿದ್ದಾರೆಂಬುದು ಈ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುತ್ತದೆ. ಅವರು ತಾವೇ ಬೆಳೆದ ಮೆಣಸಿಗೂ ಇದೇ ಬೆಲೆಯ ನಿರ್ಬಂಧ ಅನ್ವಯಿಸಿತು.