ಹರಾಜು ನಿಲ್ಲಿಸದೆ ಪರದೆ ಬದಲಿಸುವ ಬಗೆ: ಫೀಚರ್ ಫ್ಲ್ಯಾಗ್

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತರು ಬಹಳ ಮಂದಿಯಿದ್ದು, ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ರಾಜ್ಯದ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದಾಗಿದೆ. ಅಲ್ಲಿ ಬಾಯಿಂದ ಕೂಗುತ್ತಿದ್ದ ಹರಾಜಿನ ಜಾಗಕ್ಕೆ ಇ-ಹರಾಜು ಬಂದಿದ್ದು, ರೀಲರುಗಳು, ಎಂದರೆ ಗೂಡಿನಿಂದ ನೂಲು ಬಿಚ್ಚುವವರು, ಲಾಟಿನ (ಹರಾಜಿಗಿಟ್ಟ ಒಂದು ರಾಶಿಯ) ಗೂಡನ್ನು ಕಣ್ಣಾರೆ ನೋಡಿ ಬೆಲೆ ನಮೂದಿಸುತ್ತಾರೆ. ದಿನಗಳು ಉರುಳಿದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುವುದರಿಂದ, ತೂತು ಬಿದ್ದ ಗೂಡಿನಿಂದ ಎಳೆ ಕಡಿಯದ ನೂಲು ಸಿಗದಿರುವುದರಿಂದ, ತಂತ್ರಾಂಶದ ಪರೀಕ್ಷೆಗೆಂದು ಇಂಥ ಹರಾಜನ್ನು ಒಂದೆರಡು ದಿನ ನಿಲ್ಲಿಸುವುದು ಸಾಧ್ಯವಿಲ್ಲ. ನಿಲ್ಲಿಸಲಾಗದ ಕೆಲಸದ ನಡುವೆಯೇ ಹೊಸ ಪರದೆಯನ್ನು ತರಲು ಇರುವ ಉಪಾಯಗಳಲ್ಲಿ ಮುಖ್ಯವಾದದ್ದು ಫೀಚರ್ ಫ್ಲ್ಯಾಗ್.

ಹೊಸ ಕೋಡನ್ನು ಮೊದಲೇ ಅಪ್ಲಿಕೇಶನ್ನಿನೊಳಗೆ ಸೇರಿಸಿ, ಅದು ಕೆಲಸ ಮಾಡಬೇಕೇ ಬೇಡವೇ ಎಂಬುದನ್ನು ಹೊರಗಿನ ಒಂದು ಹೌದು-ಅಲ್ಲ ಗುರುತಿಗೆ ಬಿಡುವ ಕ್ರಮವಿದು. ಕೆರೆಯಲ್ಲಿ ನೀರು ನಿಂತಿದ್ದರೂ ಗದ್ದೆಗೆ ಎಷ್ಟು ಹೋಗಬೇಕೆಂಬುದನ್ನು ತೂಬು ತೀರ್ಮಾನಿಸುವಂತೆ, ಕೋಡ್ ಇರುವುದೂ ಅದು ಬಳಕೆಗೆ ಬರುವುದೂ ಇಲ್ಲಿ ಬೇರೆ ಬೇರೆಯಾಗುತ್ತವೆ. ಬ್ರೌಸರಿನಲ್ಲಿ ಕಾಣುವ ಭಾಗಕ್ಕೆ, ಅಂದರೆ ಫ್ರಂಟ್ ಎಂಡಿಗೆ, ಪುಟ ತೆರೆಯುವಾಗಲೇ ಸರ್ವರಿನಿಂದ ಈ ಗುರುತುಗಳು ಬಂದು ತಲುಪಬೇಕು. ತಡವಾದರೆ ಹಳೆಯ ಪರದೆ ಒಂದು ಕ್ಷಣ ಮಿಂಚಿ ಹೊಸದು ಬರುತ್ತದೆ. ಸಿಗ್ನಲ್ ಸಿಗದೆ ಗುರುತು ಬಾರದೇ ಹೋದರೆ ಹಳೆಯ, ನಂಬಿಕೆಯ ಪರದೆಯೇ ತೆರೆದುಕೊಳ್ಳುವಂತೆ ಬರೆದಿಡುವುದು ಕ್ಷೇಮ.

ಸಾಮಾನ್ಯವಾಗಿ ಹೊಸ ಸೌಲಭ್ಯವನ್ನು ನೂರರಲ್ಲಿ ಐದು ಮಂದಿಗೆ, ಬಳಿಕ ಇಪ್ಪತ್ತು ಮಂದಿಗೆ ಎಂದು ಹಂತಹಂತವಾಗಿ ತೆರೆಯುತ್ತಾರೆ. ಬಳಕೆದಾರರ ಗುರುತಿನ ಸಂಖ್ಯೆಯಿಂದ ಲೆಕ್ಕ ಹಾಕಿ ಆಯ್ದುಕೊಳ್ಳುವುದರಿಂದ ಒಬ್ಬರಿಗೆ ಪ್ರತಿ ಬಾರಿಯೂ ಒಂದೇ ಪರದೆ ಸಿಗುತ್ತದೆ. ಆದರೆ ಹರಾಜಿಗೆ ಈ ಲೆಕ್ಕ ಒಗ್ಗುವುದಿಲ್ಲ. ಒಂದೇ ಲಾಟಿಗೆ ಬೆಲೆ ಕಟ್ಟುವ ರೀಲರುಗಳಲ್ಲಿ ಕೆಲವರಿಗೆ ಮಾತ್ರ ವೇಗದ ಪರದೆ ದೊರೆತರೆ ಪೈಪೋಟಿ ಸಮನಾಗಿ ಉಳಿಯುವುದಿಲ್ಲ, ಅದರ ಪೆಟ್ಟು ಗೂಡು ತಂದ ರೈತನಿಗೂ ತಾಗಬಹುದು. ಆದ್ದರಿಂದ ವ್ಯಕ್ತಿಗಳನ್ನು ಹಂಚುವ ಬದಲು ಇಡೀ ಮಾರುಕಟ್ಟೆಯನ್ನೇ ಒಂದು ಘಟಕವಾಗಿ ಎಣಿಸಿ, ಮೊದಲು ಸಣ್ಣ ಮಾರುಕಟ್ಟೆಯೊಂದರ ಎಲ್ಲರಿಗೂ, ಆಮೇಲೆ ಶಿಡ್ಲಘಟ್ಟದಂಥ ದೊಡ್ಡದಕ್ಕೆ ತೆರೆಯುವುದೇ ನ್ಯಾಯ. ಹರಾಜಿನ ನಡುವೆ ಗುರುತು ಬದಲಾದರೂ ಆ ದಿನದ ಹರಾಜು ಮುಗಿಯುವ ತನಕ ಪರದೆ ಬದಲಾಗಬಾರದು.

ಬ್ರೌಸರಿಗೆ ಕಳಿಸಿದ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಗುರುತನ್ನು ತಿದ್ದಲೂಬಹುದು. ಫ್ಲ್ಯಾಗ್ ಬೀಗವಲ್ಲ, ಯಾರಿಗೆ ಯಾವ ಅಧಿಕಾರವಿದೆಯೆಂಬ ತಪಾಸಣೆ ಸರ್ವರಿನಲ್ಲಿಯೇ ನಡೆಯಬೇಕು.

ಫೋಟೋ ಹಂಚುವ ಫ್ಲಿಕರ್ ತಾಣದ ಎಂಜಿನಿಯರುಗಳು 2009ರಲ್ಲಿ ವಿವರಿಸಿದ ಮೇಲೆ ಈ ಕ್ರಮ ಹೆಚ್ಚು ಪ್ರಚಾರ ಪಡೆಯಿತು. ಇದರ ಅಪಾಯವನ್ನು ತೋರಿಸಿದ್ದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್. 2012ರ ಆಗಸ್ಟ್ 1ರಂದು ಅದು ಹಳೆಯ ಫ್ಲ್ಯಾಗೊಂದನ್ನು ಹೊಸ ಕೆಲಸಕ್ಕೆ ಬಳಸಿತು. ಎಂಟು ಸರ್ವರುಗಳಲ್ಲಿ ಒಂದರಲ್ಲಿ ಹೊಸ ಕೋಡ್ ಸೇರದೆ ಉಳಿದಿದ್ದರಿಂದ, ಅಲ್ಲಿ ವರ್ಷಗಳ ಹಿಂದೆಯೇ ಬಳಕೆ ತಪ್ಪಿದ್ದ ಕೋಡ್ ಚಾಲೂ ಆಗಿ, ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರುಗಳಷ್ಟು ನಷ್ಟವಾಯಿತು. ಆದ್ದರಿಂದ ಫ್ಲ್ಯಾಗ್ ಸೇರಿಸುವ ದಿನವೇ ಅದನ್ನು ತೆಗೆಯುವ ದಿನವನ್ನೂ, ತೆಗೆಯಬೇಕಾದವರ ಹೆಸರನ್ನೂ ಬರೆದಿಡಬೇಕು. ಹೊಸ ಪರದೆ ಎಲ್ಲ ಮಾರುಕಟ್ಟೆಗಳಲ್ಲಿ ನೆಲೆಯೂರಿದೊಡನೆ ಹಳೆಯ ಕೋಡನ್ನೂ ಜೊತೆಗೇ ಅಳಿಸಬೇಕು.