ವಿದೇಶದ ವಿಜ್ಞಾನ ವ್ಯಾಸಂಗ: ಪದವಿ ತರಗತಿಯ ಸಿದ್ಧತೆ
(ಬಾನುಲಿ ಭಾಷಣ)

ಬಿ.ಎಸ್ಸಿ. ಮುಗಿಸಿ ಅಮೆರಿಕೆಯಲ್ಲಿ ವಿಜ್ಞಾನದ ಉನ್ನತ ವ್ಯಾಸಂಗ ಮಾಡಬೇಕೆನ್ನುವ ತರುಣರು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳು, ಮೊದಲು ವಿಚಾರಿಸುವುದು ಪ್ರವೇಶ ಪರೀಕ್ಷೆಯನ್ನು, ಆಮೇಲೆ ಹಣವನ್ನು. ಇಲ್ಲಿ ಏನನ್ನು ಓದಿರಬೇಕೆಂಬ ಪ್ರಶ್ನೆ ಏಳುವುದು ಕಡೆಯಲ್ಲಿ. ಅಷ್ಟು ಹೊತ್ತಿಗೆ ಓದು ಮುಗಿದಿರುತ್ತದೆ. ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ಕೆಲವರು ಹುಬ್ಬೇರಿಸಬಹುದು. ವಿಜ್ಞಾನದ ವಿದ್ಯಾರ್ಥಿಗಳೂ ನಮ್ಮ ಭಾಷಾ ತರಗತಿಯಲ್ಲಿ ಕುಳಿತವರೇ ಅಲ್ಲವೆ?

ಹಣದ ಮಾತು ಚಿಕ್ಕದು. ವಿಜ್ಞಾನದ ಪಿಎಚ್.ಡಿ.ಗೆ ಸೇರಿಸಿಕೊಂಡವರಿಗೆ ಅಲ್ಲಿನ ವಿಭಾಗಗಳು ಸಾಮಾನ್ಯವಾಗಿ ಶುಲ್ಕವನ್ನು ಮನ್ನಾ ಮಾಡಿ, ಪಾಠ ಹೇಳುವ ಅಥವಾ ಸಂಶೋಧನೆಗೆ ನೆರವಾಗುವ ಕೆಲಸವನ್ನಿತ್ತು ವೇತನ ಕೊಡುತ್ತವೆ. ಆದ್ದರಿಂದಲೇ ಆಯ್ಕೆ ಬಿಗಿಯಾದುದು.

ಭೌತವಿಜ್ಞಾನವನ್ನೇ ತೆಗೆದುಕೊಳ್ಳಿ. ಅಲ್ಲಿ ಮೊದಲ ವರ್ಷ ಯಂತ್ರಶಾಸ್ತ್ರ, ವಿದ್ಯುತ್ಕಾಂತತೆ, ಕ್ವಾಂಟಂ ಸಿದ್ಧಾಂತ ಮೊದಲಾದವನ್ನು ಮೇಲಿನ ಮಟ್ಟದಲ್ಲಿ ಬೋಧಿಸುತ್ತಾರೆ. ಕೆಳಗಿನ ಮಟ್ಟದಲ್ಲಿ ಇವನ್ನು ಒಮ್ಮೆ ಅರಗಿಸಿಕೊಂಡೇ ಬಂದಿದ್ದಾನೆಂಬುದು ಅಧ್ಯಾಪಕರ ಭಾವನೆ. ಅಲ್ಲಿಯ ಪದವಿ ನಾಲ್ಕು ವರ್ಷದ್ದು, ಕೊನೆಯ ಭಾಗವೆಲ್ಲ ಬಹುಮಟ್ಟಿಗೆ ಒಂದೇ ಶಾಸ್ತ್ರಕ್ಕೆ ಮೀಸಲು. ನಮ್ಮಲ್ಲಿ ಬಹುಕಾಲ ನಡೆದುಬಂದ ಪಿ.ಸಿ.ಎಂ. ಪದ್ಧತಿ ಮೂರು ಶಾಸ್ತ್ರಗಳಿಗೂ ಸಮಪಾಲು ಹಂಚುವಂಥದು. ಅಗಲ ಬಂತು, ಆಳ ಬರಲಿಲ್ಲ. ಈ ಕೊರತೆಯನ್ನು ವಿದ್ಯಾರ್ಥಿ ತಾನೇ ತುಂಬಿಕೊಳ್ಳಬೇಕು. ಪ್ರಮೇಯವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಸಾಲದು. ಅಧ್ಯಾಯದ ಕೊನೆಯ ಲೆಕ್ಕಗಳೊಡನೆ ರಾತ್ರಿಗಳನ್ನು ಕಳೆಯಬೇಕು.

ಸಿ.ಬಿ.ಜಡ್. ಓದುವವರ ಸ್ಥಿತಿ ಇನ್ನೂ ಸೂಕ್ಷ್ಮ. ಇಂದಿನ ಜೀವವಿಜ್ಞಾನ ಸಂಖ್ಯಾಶಾಸ್ತ್ರವನ್ನೂ ಕಂಪ್ಯೂಟರನ್ನೂ ಬಿಟ್ಟು ನಡೆಯದು. ಗಣಿತ ಕಷ್ಟವೆಂದು ಪಿ.ಯು.ಸಿ.ಯಲ್ಲೇ ಅದಕ್ಕೆ ಕೈಮುಗಿದ ಹುಡುಗಿ ಒಂದು ಬಾಗಿಲನ್ನು ಮುಚ್ಚಿಕೊಂಡಿರುತ್ತಾಳೆ. ಹಾಗೆಂದು ಆಗ ಅವಳಿಗೆ ಹೇಳಿದವರು ಯಾರೂ ಇಲ್ಲ.

ಕಾಲದ ಲೆಕ್ಕವನ್ನೂ ನೋಡಿ. ಆಗಸ್ಟಿನ ಹೊತ್ತಿಗೆ ಸೇರಬೇಕಾದರೆ ಅರ್ಜಿಯನ್ನು ಹೆಚ್ಚಾಗಿ ಹಿಂದಿನ ಡಿಸೆಂಬರಿನ ಆಸುಪಾಸಿನಲ್ಲೇ ಕಳಿಸಬೇಕು. ಮೂರನೆಯ ವರ್ಷದವನ ಬಳಿ ಆಗ ಇರುವುದು ಮೊದಲ ನಾಲ್ಕು ಸೆಮಿಸ್ಟರುಗಳ ಅಂಕಪಟ್ಟಿ. ಕಡೆಯ ವರ್ಷದಲ್ಲಿ ಸುಧಾರಿಸಿಕೊಳ್ಳುತ್ತೇನೆಂಬುವನ ಸುಧಾರಣೆಯನ್ನು ನೋಡುವವರೇ ಇರುವುದಿಲ್ಲ. ಮೂರು ವರ್ಷದ ಪದವಿ ಸಾಲದೆನ್ನುವ ವಿಶ್ವವಿದ್ಯಾನಿಲಯಗಳೂ ಉಂಟು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು 2024ರಲ್ಲಿ ಹಿಂದೆಗೆದುಕೊಂಡದ್ದರಿಂದ ಈ ತೊಡಕು ಮತ್ತೆ ಎದುರಾಗಿದೆ. ಇಲ್ಲಿಯೇ ಎಂ.ಎಸ್ಸಿ. ಮಾಡಿ ಹೋಗುವುದು ಕಾಲಹರಣವೆಂದು ನಾನು ತಿಳಿಯೆನು. ಸಿ.ಎನ್.ಆರ್. ರಾವ್ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ 1951ರಲ್ಲಿ ಬಿ.ಎಸ್ಸಿ., ಬಳಿಕ ಕಾಶಿಯಲ್ಲಿ ಎಂ.ಎಸ್ಸಿ. ಪಡೆದು, ಅನಂತರ ಪರ್ಡ್ಯೂದಲ್ಲಿ 1958ರಲ್ಲಿ ಪಿಎಚ್.ಡಿ. ಪಡೆದವರು.

ಇನ್ನು ಶಿಫಾರಸು ಪತ್ರ. ಸಾಮಾನ್ಯವಾಗಿ ಮೂರು ಬೇಕು. ‘ಸಚ್ಚಾರಿತ್ರ್ಯವುಳ್ಳವನು, ವಿಧೇಯನು’ ಎಂಬ ನಮ್ಮ ನಡತೆ ಪತ್ರದ ಒಕ್ಕಣೆ ಅಲ್ಲಿ ಏನನ್ನೂ ಹೇಳದು. ಪ್ರಯೋಗ ಕೆಟ್ಟಾಗ ಹುಡುಗ ಏನು ಮಾಡಿದ, ಯಾವ ಪ್ರಶ್ನೆ ಕೇಳಿದ ಎಂಬುದನ್ನು ಅವರು ಅರಸುತ್ತಾರೆ. ತೊಂಬತ್ತು ಮಂದಿಯ ತರಗತಿಯಲ್ಲಿ ಅಧ್ಯಾಪಕರಿಗೆ ಇದು ತಿಳಿಯುವುದೆಂತು? ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇತರ ಎರಡು ಅಕಾಡೆಮಿಗಳೊಡನೆ ಸೇರಿ ನಡೆಸುತ್ತ ಬಂದಿರುವ ಬೇಸಗೆ ಸಂಶೋಧನ ಯೋಜನೆ ಇಂಥವರಿಗಾಗಿಯೇ ಹುಟ್ಟಿದ್ದು. ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡಬಹುದು. ಡಿಸೆಂಬರಿನ ಅರ್ಜಿಗೆ ಒದಗುವುದು ಎರಡನೆಯ ವರ್ಷದ ಕೊನೆಯ ಬೇಸಗೆ. ಅದಕ್ಕೆ ಬೇಡಿಕೆ ಸಲ್ಲಿಸಬೇಕಾದದ್ದು ಅದಕ್ಕೂ ಕೆಲವು ತಿಂಗಳ ಮೊದಲು.