ಮಂಗನ ಕಾಯಿಲೆ ಮತ್ತು ಶ್ರೀಮಂತ ದೇಶಗಳ ನೆರವು

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲೂಕುಗಳ ಜನರಿಗೆ ಡಿಸೆಂಬರಿನಿಂದ ಮೇ ತನಕ ಒಂದು ಭಯ ಇದ್ದೇ ಇರುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯೆಂಬ ಸುದ್ದಿ ಬಂದರೆ ದರಗು ಗುಡಿಸಲು, ಸೌದೆ ತರಲು ಹೋಗುವವರು ಹಿಂಜರಿಯುತ್ತಾರೆ. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಕಾಯಿಲೆ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. 2024ರಲ್ಲಿ ಈ ಭಾಗದ ರೋಗಿಗಳು ಘಾಟಿ ಇಳಿದು ಮಣಿಪಾಲಕ್ಕೆ ಬರಬೇಕಾಯಿತು.

ಅಮೆರಿಕವು 2025ರ ಜುಲೈಯಲ್ಲಿ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚಿತು. ಬ್ರಿಟನ್ 2027ರ ವೇಳೆಗೆ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸುವುದಾಗಿ ಪ್ರಕಟಿಸಿದೆ. ಬಡ ದೇಶಗಳ ಆರೋಗ್ಯಕ್ಕೆ ಹೊರಗಿನವರು ಹೇಗೆ ನೆರವಾಗಬೇಕು ಎಂಬ ಪ್ರಶ್ನೆ ಮತ್ತೆ ಎದ್ದಿದೆ. ಹಣ ಎಷ್ಟು ಎಂಬುದರ ಬಗ್ಗೆಯೇ ಹೆಚ್ಚು ಮಾತು. ಯಾವ ರೋಗಕ್ಕೆ, ಯಾರ ಭಯಕ್ಕೆ ಎಂಬುದನ್ನು ಕೇಳಬೇಕೆಂದು ನಮಗನಿಸುತ್ತದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪುಣೆಯಿಂದ ವಿಜ್ಞಾನಿಗಳು ಧಾವಿಸಿದರು. ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ ಬಂದಿರಬಹುದೇ ಎಂಬುದು ಅವರ ಆತಂಕವಾಗಿತ್ತು. ಪುಣೆಯ ಆ ವೈರಸ್ ಸಂಶೋಧನಾ ಕೇಂದ್ರವನ್ನು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಆರಂಭಿಸಿದ್ದವು. ಡಾ. ಟೆಲ್ಫರ್ಡ್ ವರ್ಕ್ ಅವರ ತಂಡ ಹೊಸ ವೈರಸ್ಸನ್ನೇ ಪತ್ತೆಹಚ್ಚಿತು. ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಬಂಧು.

ಇದೇ ಕುಟುಂಬದ ರೋಗ ಯುರೋಪಿನಲ್ಲೂ ಇದೆ. ಆಸ್ಟ್ರಿಯಾ 1980ರ ದಶಕದ ಆರಂಭದಿಂದ ತನ್ನ ಜನರಿಗೆ ಉತ್ತಮ ಲಸಿಕೆ ಹಾಕಿಸಿ ಅದನ್ನು ಹಿಡಿತಕ್ಕೆ ತಂದಿತು. ಆ ಹೊತ್ತಿನಲ್ಲೇ, 1983ರಲ್ಲಿ, ನಮ್ಮ ಬೆಳ್ತಂಗಡಿ ಭಾಗದಲ್ಲಿ ಮಂಗನ ಕಾಯಿಲೆ 1,555 ಮಂದಿಗೆ ತಗಲಿ 150 ಮಂದಿ ಸತ್ತರು. ಹಿರಿಯ ವಾಚಕರಲ್ಲಿ ಹಲವರಿಗೆ ಅದು ನೆನಪಿರಬಹುದು. ಮಲೆನಾಡಿಗೆ ಬಂದ ಲಸಿಕೆಯ ಎರಡು ಡೋಸು ಪಡೆದವರಿಗೂ ರಕ್ಷಣೆ ಸುಮಾರು ಶೇ. 62 ಮಾತ್ರವೆಂದು ನಂತರದ ಅಧ್ಯಯನ ತೋರಿಸಿತು. ಪದೇ ಪದೇ ಚುಚ್ಚಿಸಿಕೊಳ್ಳಲು ಜನ ಬೇಸತ್ತರು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ತೋಟದ ಕೂಲಿಯವರ ರೋಗಕ್ಕೆ ಮಾರುಕಟ್ಟೆಯಿಲ್ಲ, ಅದು ವಿಮಾನ ಹತ್ತಿ ನ್ಯೂಯಾರ್ಕಿಗೆ ಹೋಗುವುದೂ ಇಲ್ಲ!

ಹಾಗೆಂದು ಆ ವಿದೇಶಿ ನೆರವು ವ್ಯರ್ಥವಾಯಿತೆಂದು ನಾವು ಹೇಳುವುದಿಲ್ಲ. 1967ರಲ್ಲಿ ಫೌಂಡೇಶನ್ ಹಿಂದೆ ಸರಿದ ಮೇಲೂ ಪುಣೆಯ ಕೇಂದ್ರ ಉಳಿಯಿತು. ತರಬೇತಾದ ನಮ್ಮವರೇ ನಡೆಸಿದರು. ಇಂದು ರಾಷ್ಟ್ರೀಯ ವೈರಾಣು ಸಂಸ್ಥೆಯೆಂಬ ಹೆಸರಿನ ಅದೇ ಕೇಂದ್ರ ಕೇರಳದ ನಿಫಾ, ನಂತರ ಕೊರೋನಾ ಸಂದರ್ಭದಲ್ಲಿ ದೇಶಕ್ಕೆ ಆಸರೆಯಾಯಿತು. ವಾಹನ, ಔಷಧಿಪೆಟ್ಟಿಗೆ ಕೊಟ್ಟು ಮೂರು ವರ್ಷಕ್ಕೆ ಹೊರಡುವ ಯೋಜನೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು.

ನಮ್ಮ ಸಂಸ್ಥೆಗಳಿಗೂ ಇಲ್ಲಿ ಯೋಚಿಸಲು ವಿಷಯವಿದೆ. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯಂತೆ ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ನಗರದ ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಧರ್ಮಭಗಿನಿಯರ ಚಿಕ್ಕ ಚಿಕಿತ್ಸಾಲಯಕ್ಕೆ ಹಣ ಬರುತ್ತಿದ್ದ ದಾರಿ ಮುಚ್ಚಿದೆ. ಊರಿನ ಹಣದಿಂದಲೇ ಒಬ್ಬ ದಾದಿಯ ಸಂಬಳ ನಡೆಯುವಂತೆ ಮಾಡಬಹುದೇ ಎಂದು ಧರ್ಮಕೇಂದ್ರದ ಪಾಲನಾ ಪರಿಷತ್ತುಗಳು ಲೆಕ್ಕ ಹಾಕುವುದು ಒಳ್ಳೆಯದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೋಲಾಜಿಕಲ್ಸ್ ಸೇರಿ ರೂಪಿಸಿದ ಹೊಸ ಲಸಿಕೆ 2025ರಲ್ಲಿ ಮಾನವ ಪ್ರಯೋಗದ ಹಂತಕ್ಕೆ ಬಂದಿದೆ. ಅದು ಕೈಸೇರುವವರೆಗೆ ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮೂರೂ ತಾಲೂಕುಗಳ ಚರ್ಚುಗಳಲ್ಲಿ ನವೆಂಬರ್ ಕೊನೆಯ ಭಾನುವಾರವೇ ಇದನ್ನು ಪ್ರಕಟಿಸುವಂತೆ ಧರ್ಮಗುರುಗಳಲ್ಲಿ ವಿನಂತಿ.